ಸಿಂಡರ್ ಆಡಿಯೋಬುಕ್, ಎರಡನೇ ಸಲ ಕೇಳಿದ್ಮೇಲೆ

ಮೊದಲ್ನೇ ಸಲ ಇದನ್ನ ಕೇಳಿದ್ದು 2017ರಲ್ಲಿ, ಕಾಲೇಜಿಗೆ ಹೋಗೋ ಬಸ್ಸಲ್ಲಿ, 1.5 ಸ್ಪೀಡಲ್ಲಿ. ಕಥೆ ಅರ್ಧಕ್ಕೆ ಬರೋಕೆ ಮುಂಚೇನೇ ಹುಡುಗಿ ನಿಜವಾಗ್ಲೂ ಯಾರು ಅಂತ ಗೊತ್ತಾಗೋಗಿತ್ತು, ಸಸ್ಪೆನ್ಸೇ ಇಲ್ಲ ಅಂತ 3 ಸ್ಟಾರ್ ಕೊಟ್ಟು ಮರ್ತುಬಿಟ್ಟೆ. ಹೋದ ತಿಂಗಳು ಮತ್ತೆ ಹಾಕ್ದೆ, ಈ ಸಲ ಮಾಮೂಲಿ ಸ್ಪೀಡಲ್ಲಿ, ರಾತ್ರಿ ಪಾತ್ರೆ ತೊಳೀತಾ. ಆವತ್ತು ಕೊಟ್ಟ ಸ್ಟಾರು ಅನ್ಯಾಯ ಅನ್ನಿಸ್ತು, ಅದಕ್ಕೇ ಬರೀತಿದೀನಿ.

ಗೊತ್ತಿಲ್ಲದವರಿಗೆ: ಮಾರಿಸ್ಸಾ ಮೇಯರ್ ಬರೆದಿರೋದು, ಪುಸ್ತಕ ಬಂದಿದ್ದು 2012ರಲ್ಲಿ, ಲೂನಾರ್ ಕ್ರಾನಿಕಲ್ಸ್ ಸರಣೀಲಿ ಮೊದಲ್ನೇದು. ಆಡಿಯೋಲಿ ಓದಿರೋದು ರೆಬೆಕಾ ಸೋಲರ್, ಸುಮಾರು 10 ಗಂಟೆ. ನಾಲ್ಕನೇ ಮಹಾಯುದ್ಧ ಮುಗಿದು ಎಷ್ಟೋ ಕಾಲ ಆದ್ಮೇಲಿನ ನ್ಯೂ ಬೀಜಿಂಗ್ ಊರು, ಅಲ್ಲಿನ ಸಂತೇಲಿ ರಿಪೇರಿ ಅಂಗಡಿ ಇಟ್ಕೊಂಡಿರೋ ಸಿಂಡರ್ ಅನ್ನೋ ಹುಡುಗಿ. ಅವಳು ಸೈಬಾರ್ಗ್, ಮೈಯಲ್ಲಿ 36.28 ಪರ್ಸೆಂಟ್ ಮನುಷ್ಯರದ್ದಲ್ಲ, ಒಂದು ಕೈ ಒಂದು ಕಾಲು ಲೋಹದ್ದು. ಸಿಂಡರೆಲ್ಲಾ ಕಥೇನೇ ಹೊಸ ಥರ ಹೇಳಿರೋದು: ಮಲತಾಯಿ ಇದಾಳೆ, ರಾಜಕುಮಾರ ಇದಾನೆ, ಬಾಲ್ ಡ್ಯಾನ್ಸ್ ಇದೆ, ಗಾಜಿನ ಚಪ್ಪಲಿ ಮಾತ್ರ ಇಲ್ಲ. ಮುಂದೆ ಕಥೆ ಒಡೆದು ಹೇಳ್ತೀನಿ, ಬೇಡ ಅನ್ನೋರು ಇಲ್ಲಿಗೇ ನಿಲ್ಸಿ ಹೋಗಿ ಕೇಳಿ.

ಪುಸ್ತಕ ಶುರುವಾಗೋದೇ ಪಾದದ ಸ್ಕ್ರೂ ತುಕ್ಕು ಹಿಡಿದಿರೋದ್ರಿಂದ. ಸಿಂಡರ್ ಅಂಗಡೀಲಿ ಕೂತು ಸ್ಕ್ರೂಡ್ರೈವರ್ ಹಿಡ್ಕೊಂಡು ತನ್ನ ಪಾದವನ್ನ ತಾನೇ ಬಿಚ್ತಿರ್ತಾಳೆ, ಚಿಕ್ಕವಳಿದ್ದಾಗ ಹಾಕಿದ್ದು, ಈಗ ಅಳತೆಗೆ ಸಾಲ್ತಿಲ್ಲ. ಮೊದಲ್ನೇ ಸಲ ಇದು ಏನೋ ವಿಚಿತ್ರವಾಗಿರ್ಲಿ ಅಂತ ಹಾಕಿರೋ ಸೀನ್ ಅಂದ್ಕೊಂಡಿದ್ದೆ. ಆದ್ರೆ ಮಲತಾಯಿ ಏಡ್ರಿ ಹೊಸ ಪಾದ ಕಿತ್ಕೊಂಡ್ಮೇಲೆ, ಬಾಲ್‌ಗೆ ಹೋಗೋವಾಗ ಅದೇ ಚಿಕ್ಕ ಪಾದ ಸಿಕ್ಕಿಸ್ಕೊಂಡು ಹೋಗ್ತಾಳೆ, ಕೊನೇಲಿ ಅರಮನೆ ಮೆಟ್ಟಿಲ ಮೇಲೆ ಕಳಚಿ ಬೀಳೋದೂ ಅದೇ. ಗೊತ್ತಿದ್ದೂ ಕೇಳುವಾಗ ಮೊದಲ್ನೇ ಸಾಲಲ್ಲೇ ಎದೆ ಧಸಕ್ ಅಂತು, ನೊರೆ ಕೈಯಲ್ಲೇ ಫೋನ್ ಮುಟ್ಟಿ ಮತ್ತೆ ಹಿಂದಕ್ಕೆ ಹೋಗಿ ಕೇಳ್ದೆ.

ಆಮೇಲೆ ಪಿಯೋನಿ. ಮಲತಂಗಿ, ಆದ್ರೂ ಅಕ್ಕನ್ನ ಪ್ರೀತ್ಸೋ ಹುಡುಗಿ. ಊರಲ್ಲಿ ಲೆಟುಮೋಸಿಸ್ ಅನ್ನೋ ಪ್ಲೇಗ್ ಇದೆ, ಅದು ಅವಳಿಗೂ ಬರುತ್ತೆ, ಯಂತ್ರಗಳು ಬಂದು ಕ್ವಾರಂಟೈನ್‌ಗೆ ಎತ್ಕೊಂಡು ಹೋಗ್ತವೆ. ಸಿಂಡರ್ ಔಷಧಿ ತಗೊಂಡು ಓಡಿ ಹೋಗೋ ಹೊತ್ತಿಗೆ ಆಗಿಹೋಗಿರುತ್ತೆ, ಅಲ್ಲಿನ ಯಂತ್ರ ಸತ್ತೋರ ಮಣಿಕಟ್ಟು ಕೊಯ್ದು ಗುರುತಿನ ಚಿಪ್ ತೆಗೀತಿರುತ್ತೆ. 2017ರಲ್ಲಿ ಇದೆಲ್ಲ ಬರೀ ಕಥೆ ನಂಗೆ. 2021ರಲ್ಲಿ ನಮ್ಮ ದೊಡ್ಡಮ್ಮ ಹೋದಾಗ ಮುಖ ನೋಡೋಕೆ ಬಿಡ್ಲಿಲ್ಲ, ಅವರ ಕೈಲಿದ್ದ ಎರಡು ಬಳೆ ಆಮೇಲೆ ಹೆಸರು ಬರೆದ ಕವರಲ್ಲಿ ಬಂತು. ಆ ಚಿಪ್ ಸೀನ್ ಬಂದಾಗ ನಲ್ಲಿ ನಿಲ್ಸಿ ಸುಮ್ನೆ ನಿಂತ್ಕೊಂಡೆ. ಸಿಂಡರ್‌ಗೆ ಕಣ್ಣೀರು ಬರಲ್ಲ, ಅವಳ ಮೈ ಹಾಗೆ ಮಾಡಿದಾರೆ, ಅದನ್ನ ಸೋಲರ್ ಅಳೋ ದನಿ ಮಾಡಿ ಕೆಡ್ಸಿಲ್ಲ, ಗಂಟ್ಲು ಬಿಗಿ ಹಿಡಿದು ಓದ್ತಾರೆ. ಅಲ್ಲಿ ಉಳಿದ ಔಷಧೀನ ಸಿಂಡರ್ ಸಂತೆಯ ಬೇಕರಿಯವಳ ಮಗ ಸುಂಟೋಗೆ ಕುಡಿಸ್ತಾಳೆ, ಆ ಬೇಕರಿಯವಳು ಇವಳನ್ನ ಕಂಡ್ರೆ ಆಗದೇ ಇದ್ದೋಳು. ಅದು ಮೊದಲ ಸಲ ನಂಗೆ ನೆನಪಲ್ಲೂ ಉಳಿದಿರ್ಲಿಲ್ಲ ನೋಡಿ.

ದನಿ ವಿಷಯಕ್ಕೆ ಬಂದ್ರೆ ಐಕೋ. ಮನೆಗೆಲಸದ ಆಂಡ್ರಾಯ್ಡ್, ಅಂದ್ರೆ ರೋಬೋ, ಆದ್ರೆ ಬಟ್ಟೆ ಒಡವೆ ರಾಜಕುಮಾರ ಅಂದ್ರೆ ಪ್ರಾಣ, ತುಕ್ಕು ಹಿಡಿದ ಹಳೇ ಪೆಟ್ರೋಲ್ ಕಾರ್ ನೋಡಿ ಕೊಳೆತ ಕುಂಬಳಕಾಯಿ ಥರ ಇದೆ ಅನ್ನೋದು ಇದೇ ಐಕೋನೇ. ಸೋಲರ್ ಅವಳಿಗೆ ಕೊಟ್ಟಿರೋ ಚುರುಕು ದನಿ ಕೇಳ್ತಿದ್ರೆ ಮುಖದಲ್ಲಿ ನಗು ತಾನಾಗೇ ಬರುತ್ತೆ. ಚಂದ್ರನ ರಾಣಿ ಲೆವಾನಾ ಕಿರುಚಲ್ಲ, ಮೆತ್ತಗೆ ಮಾತಾಡ್ತಾಳೆ, ಅದೇ ಭಯ. ಕಾಯ್ ರಾಜಕುಮಾರನ ದನಿ ಮಾತ್ರ ನಂಗೆ ಸಪ್ಪೆ ಅನ್ನಿಸ್ತು.

ಇನ್ನೊಂದು ವಿಷಯ ಈ ಸಲ ತಲೇಲಿ ಕೂತಿದ್ದು. ಎ. ಕೆ. ರಾಮಾನುಜನ್ ಅವರು ಕನ್ನಡದ ಸಿಂಡರೆಲ್ಲಾ ಅಂತ ಹಂಚಿ ಕಥೆ ಬಗ್ಗೆ ಬರೆದಿದಾರೆ, ಬಂಗಾರದ ಕೂದಲ ಹುಡುಗಿ, ಅವಳಮ್ಮ ಮುಖಕ್ಕೆ ಮಣ್ಣಿನ ಮುಖವಾಡ ಕಟ್ಟಿ ಮನೆಯಿಂದ ಕಳಿಸ್ತಾಳೆ, ಅವಳು ಪರರ ಮನೇಲಿ ಅಡುಗೆ ಮಾಡ್ಕೊಂಡಿರ್ತಾಳೆ. ಅಲ್ಲೂ ಚಪ್ಪಲಿಗಿಂತ ಮುಚ್ಚಿಡೋದೇ ದೊಡ್ಡದು. ಸಿಂಡರ್ ಗ್ಲೌಸ್ ಹಾಕ್ಕೊಂಡು ಬೂಟ್ ಹಾಕ್ಕೊಂಡು ಲೋಹ ಮುಚ್ತಾಳೆ, ಕಾಯ್ ಎದ್ರು ನಿಂತಾಗೆಲ್ಲ ಕೈ ಹಿಂದಕ್ಕೆ ಹೋಗುತ್ತೆ. ಹಂಚಿ ನೆನಪಾದ್ಮೇಲೆ ಆ ಗ್ಲೌಸ್ ಬಗ್ಗೆ ಬರೋ ಒಂದೊಂದು ಸಾಲೂ ಬೇರೆ ಥರ ಕೇಳ್ಸ್ತು.

ಬೇಜಾರಾಗಿದ್ದು ಅಂದ್ರೆ ಊರು. ಚೀನಾದಲ್ಲಿ ಯೆ ಶಿಯೆನ್ ಅನ್ನೋ ಹುಡುಗಿಯ ಕಥೆ ಇದೆ, ಒಂಬತ್ತನೇ ಶತಮಾನದಲ್ಲೇ ಬರೆದಿಟ್ಟಿದ್ದು, ಅದರಲ್ಲಿ ಮೀನಿದೆ, ಕಳೆದುಹೋದ ಬಂಗಾರದ ಪಾದರಕ್ಷೆ ಇದೆ. ಅಂಥ ಕಥೆಯ ನೆಲದಲ್ಲಿ ಕಥೆ ನಡೆಸಿ ಊಟ ಮಾತು ಬೀದಿ ಯಾವುದನ್ನೂ ಹತ್ರದಿಂದ ತೋರಿಸ್ಲಿಲ್ಲ, ಹೆಸರು ತೆಗೆದ್ರೆ ಇದು ಯಾವ ಊರಾದ್ರೂ ಆಗ್ಬಹುದು. ಆ ಕೊರತೆ ಎರಡನೇ ಸಲ ಇನ್ನೂ ಜಾಸ್ತಿ ಕಾಣುತ್ತೆ. ಸಸ್ಪೆನ್ಸ್ ಈಗ್ಲೂ ವೀಕೇ, ಆದ್ರೆ ಗೊತ್ತಿದ್ದೂ ಕೇಳ್ದಾಗ ಅದು ಅಡ್ಡ ಬರಲ್ಲ.

ಇಂಗ್ಲಿಷ್ ಆಡಿಯೋಬುಕ್ ಇನ್ನೂ ಅಭ್ಯಾಸ ಇಲ್ಲದ ಮಕ್ಕಳಿಗೆ ಧೈರ್ಯವಾಗಿ ಕೊಡ್ಬಹುದು, ವಾಕ್ಯ ಚಿಕ್ಕದು, ಅಮೆರಿಕನ್ ಉಚ್ಚಾರಣೆ ಆದ್ರೂ ಬಿಡಿಸಿ ಓದಿದಾರೆ. ಪಿಯೋನಿ ಭಾಗ ಮಾತ್ರ ತೀರಾ ಚಿಕ್ಕವರು ಒಬ್ಬರೇ ಕೇಳೋದು ಬೇಡ. ಈಗ 4.5 ಸ್ಟಾರ್ ಕೊಡ್ತೀನಿ. ಮೊನ್ನೆಯಿಂದ ಎರಡನೇದು ಸ್ಕಾರ್ಲೆಟ್ ಶುರು ಮಾಡಿದೀನಿ, ಏಡ್ರಿ ಐಕೋನ ಬಿಚ್ಚಿ ಮಾರಿದ್ರೂ ಅವಳ ವ್ಯಕ್ತಿತ್ವ ಇರೋ ಚಿಪ್ ಸಿಂಡರ್ ಹತ್ರ ಉಳಿದಿತ್ತಲ್ಲ, ಅದನ್ನ ಬಾಹ್ಯಾಕಾಶದ ಹಡಗಿಗೆ ಸಿಕ್ಕಿಸೋ ಚಾಪ್ಟರ್ ಇನ್ನೂ ಬಂದಿಲ್ಲ, ಆ ದನಿಗೆ ಕಾಯ್ತಾ ದಿನಾ ರಾತ್ರಿ ಪಾತ್ರೆ ನಾನೇ ತೊಳೀತೀನಿ ಅಂತಿದೀನಿ.