ಹಂಪನಕಟ್ಟೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸ್: ಮೇಡಂ ಸೂಪರ್, ಸರ್ ಸ್ವಲ್ಪ ಜಾಸ್ತಿ

ಉಚ್ಚಾರಣೆ ಸರಿಮಾಡಿಕೊಳ್ಳಬೇಕು ಅನ್ನುವವರು ಈ ಸಂಜೆ ಕ್ಲಾಸಿಗೆ ಧೈರ್ಯವಾಗಿ ಸೇರಬಹುದು. ನಮ್ಮ ಮಂಗಳೂರಿನ ಬಾಯಲ್ಲಿ ಬಳ್ಳಿಯೂ (vine) ವೈನ್, ಬಾಟಲಿಯೊಳಗಿನದ್ದೂ (wine) ವೈನ್. ಮೇಡಂ ಕೈಗೆ ಕನ್ನಡಿ ಕೊಡುತ್ತಾರೆ. ವಿ ಅಂದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಡಬ್ಲ್ಯುಗೆ ತುಟಿ ದುಂಡಾಗಬೇಕು. 'ರಿಸೀಟ್'ನಲ್ಲಿ (receipt) ಪಿ, 'ಡೆಟ್'ನಲ್ಲಿ (debt, ಅಂದರೆ ಸಾಲ) ಬಿ ಯಾಕೆ ಸುಮ್ನೆ ಕೂತಿವೆ ಅಂತ ಕೇಳಿದರೆ ಉತ್ತರವೂ ಸಿಗುತ್ತದೆ: ಫ್ರೆಂಚಿನಿಂದ ಬಂದ ಪದಗಳಿಗೆ ಲ್ಯಾಟಿನ್ ಮೂಲ ತೋರಿಸಲು ಪಂಡಿತರು ಆಮೇಲೆ ತುರುಕಿದ ಅಕ್ಷರಗಳು ಅವು.

ಗ್ರಾಮರ್ ಸರ್ ಮಾತ್ರ ಮಹಾ ಕಟ್ಟುನಿಟ್ಟು. 'ಡಿಸ್ಕಸ್ ಅಬೌಟ್' ತಪ್ಪು, ಒಪ್ಪೋಣ. 'ಪ್ರಿಪೋನ್' (ನಿಗದಿಗಿಂತ ಮೊದಲೇ ಇಟ್ಟುಕೊಳ್ಳುವುದು) ಅಂದರೂ ಗದರಿಸುವುದೇಕೆ? ಅದು ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ ಅಲ್ವಾ! ಹಿಂದಿನ ಬೆಂಚಿಗೆ ಫ್ಯಾನಿನ ಸದ್ದೇ ಪಾಠ. ಬೇಗ ಹೋಗಿ ಮುಂದೆ ಕೂರಿ.