ಖಾಲಿ ಹೊಟ್ಟೆಯ ಮಾತ್ರೆ: ಪ್ಯಾಂಟೊಪ್ರಜೋಲ್ 40ರ ದೀರ್ಘಕಾಲದ ಬಳಕೆಯ ಬಗ್ಗೆ ಒಂದು ವಿಮರ್ಶೆ

ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ, ತೀರ್ಥಹಳ್ಳಿಯ ಪೇಟೆಯಲ್ಲಾಗಲಿ, ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ವೈದ್ಯರ ಚೀಟಿಯಿಲ್ಲದೆ 'ಒಂದು ಶೀಟ್ ಗ್ಯಾಸ್ ಮಾತ್ರೆ ಕೊಡಿ' ಎಂದು ಕೇಳುವವರು ಸಿಕ್ಕೇ ಸಿಗುತ್ತಾರೆ. ಅಂಗಡಿಯವರು ಹೆಚ್ಚಿನ ಸಲ ಕೊಡುವುದು ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಮಾತ್ರೆಯನ್ನು, ಇಲ್ಲವೇ ಅದಕ್ಕೆ ಡೊಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲನ್ನು. ನಮ್ಮ ಮನೆಯಲ್ಲಿಯೂ ಈ ಮಾತ್ರೆ ಹಲವು ವರ್ಷಗಳಿಂದ ಇದೆ. ನನಗೆ ಹುಳಿತೇಗು ಮತ್ತು ಎದೆಯುರಿಗಾಗಿ, ಅಮ್ಮನಿಗೆ ಮಂಡಿನೋವಿನ ಮಾತ್ರೆಯ ಜೊತೆಗಾಗಿ. ಈ ವಿಮರ್ಶೆ ಯಾವುದೇ ಒಂದು ಕಂಪನಿಯ ಬ್ರ್ಯಾಂಡ್ ಕುರಿತದ್ದಲ್ಲ, ಏಕೆಂದರೆ ಇದನ್ನು ತಯಾರಿಸುವ ಕಂಪನಿಗಳು ಲೆಕ್ಕವಿಲ್ಲದಷ್ಟಿವೆ. ಔಷಧಿಯನ್ನೇ ಒಂದು ಸರಕೆಂದು ಪರಿಗಣಿಸಿ, ಅದು ಹೇಳಿದ ಕೆಲಸ ಮಾಡುತ್ತದೆಯೇ, ವರ್ಷಗಟ್ಟಲೆ ನುಂಗಿದರೆ ಏನಾಗುತ್ತದೆ, ಅದನ್ನು ಮಾರುವ ರೀತಿ ಸರಿಯಿದೆಯೇ ಎಂಬುದನ್ನು ಇಲ್ಲಿ ನೋಡಿದ್ದೇನೆ.

ಕೆಲಸದ ಬಗ್ಗೆ ನನಗೆ ತಕರಾರಿಲ್ಲ. ಜಠರದ ಒಳಗೋಡೆಯ ಜೀವಕೋಶಗಳಲ್ಲಿ ಆಮ್ಲವನ್ನು ಹೊರಕ್ಕೆ ತಳ್ಳುವ ಸೂಕ್ಷ್ಮ ಪಂಪುಗಳಿವೆ. ಪ್ಯಾಂಟೊಪ್ರಜೋಲ್ ಸೇರಿರುವ ಗುಂಪಿನ ಔಷಧಿಗಳು ಆ ಪಂಪುಗಳಿಗೆ ಅಂಟಿಕೊಂಡು ಅವುಗಳನ್ನು ನಿಲ್ಲಿಸುತ್ತವೆ. ಔಷಧಿ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆಯಾದರೂ, ನಿಂತ ಪಂಪಿನ ಜಾಗಕ್ಕೆ ದೇಹ ಹೊಸ ಪಂಪನ್ನು ತಯಾರಿಸುವವರೆಗೆ ಪರಿಣಾಮ ಮುಂದುವರಿಯುವುದರಿಂದ ದಿನಕ್ಕೆ ಒಂದೇ ಮಾತ್ರೆ ಸಾಕಾಗುತ್ತದೆ. ಊಟ ಶುರುವಾದಾಗ ದುಡಿಯುತ್ತಿರುವ ಪಂಪಿನ ಮೇಲೆ ಮಾತ್ರ ಇದರ ಹಿಡಿತವಿರುವುದರಿಂದಲೇ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ನೀರುದೋಸೆ ತಿಂದು, ಕಾಫಿ ಕುಡಿದು, ಆಮೇಲೆ ನೆನಪಾಗಿ ನುಂಗುವವರು 'ಇದು ಕೆಲಸವೇ ಮಾಡುವುದಿಲ್ಲ' ಎಂದು ದೂರುವುದನ್ನು ಕೇಳಿದ್ದೇನೆ. ಅಲ್ಲಿ ತಪ್ಪು ಮಾತ್ರೆಯದ್ದಲ್ಲ. ಆಮ್ಲ ತಗುಲಿದರೆ ಔಷಧಿ ಕೆಡುವುದರಿಂದ ಮೇಲೊಂದು ಲೇಪನವಿರುತ್ತದೆ, ಹಾಗಾಗಿ ಮಾತ್ರೆಯನ್ನು ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿ ಅಜ್ಜ ಅಜ್ಜಿಯರಿಗೆ ತಿನ್ನಿಸುವುದೂ ಪ್ರಯೋಜನವಿಲ್ಲ.

ಈ ಗುಂಪಿನ ಮೊದಲ ಔಷಧಿಯಾದ ಒಮೆಪ್ರಜೋಲ್ ಸ್ವೀಡನ್ನಿನ ಆಸ್ಟ್ರಾ ಕಂಪನಿಯಿಂದ 1988ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಕಡೆ ಬಹಳ ಕಾಲ ನಡೆದದ್ದು ಆಮ್ಲ ತಗ್ಗಿಸುವ ಬೇರೊಂದು ಗುಂಪಿನ ಮಾತ್ರೆಯಾದ ರಾನಿಟಿಡಿನ್. ಅದರಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ ಕಂಡುಬಂದ ಮೇಲೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಸೂಚಿಸಿದರು, 2022ರಲ್ಲಿ ಭಾರತದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಅದು ಹೊರಬಿತ್ತು. ಹಾಗೆ ಹಳೆಯ ಮಾತ್ರೆಯನ್ನು ಬಿಟ್ಟು ಇದಕ್ಕೆ ಬಂದ ಹಿರಿಯರು ಈಗ 'ಇದರಲ್ಲಿ ಏನಿದೆಯೋ' ಎಂದು ಕೇಳುವುದು ಸಹಜವೇ.

ವಾಟ್ಸಾಪ್ ಗುಂಪುಗಳಲ್ಲಿ ಆ ಪ್ರಶ್ನೆಗೆ ಸಿಗುವ ಉತ್ತರ ಭಯಂಕರವಾದದ್ದು: ಕಿಡ್ನಿ ಹೋಗುತ್ತದೆ, ಮರೆವಿನ ಕಾಯಿಲೆ ಬರುತ್ತದೆ, ಮೂಳೆ ಮುರಿಯುತ್ತದೆ. ಇವೆಲ್ಲ ಗಾಳಿಯಿಂದ ಹುಟ್ಟಿದ ಮಾತುಗಳೇನಲ್ಲ. 2016ರಲ್ಲಿ ಅಮೆರಿಕದ ಒಂದು ಅಧ್ಯಯನ ಈ ಮಾತ್ರೆಗಳಿಗೂ ದೀರ್ಘಕಾಲದ ಕಿಡ್ನಿ ಕಾಯಿಲೆಗೂ ನಂಟಿರುವುದನ್ನು ತೋರಿಸಿತು. ಅದೇ ವರ್ಷ ಜರ್ಮನಿಯ ಇನ್ನೊಂದು ಅಧ್ಯಯನ ವೃದ್ಧರ ಮರೆವಿನ ಕಾಯಿಲೆಯ ಜೊತೆಗಿನ ನಂಟನ್ನು ಹೇಳಿತು. ಆದರೆ ಇವೆರಡೂ ದಾಖಲೆಗಳನ್ನು ಆಧರಿಸಿ, ಮಾತ್ರೆ ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿದ ಅಧ್ಯಯನಗಳು. ವರ್ಷಗಟ್ಟಲೆ ಈ ಮಾತ್ರೆ ತಿನ್ನುವವರು ಸಾಮಾನ್ಯವಾಗಿ ವಯಸ್ಸಾದವರು, ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವವರು, ನೋವಿನ ಮಾತ್ರೆ ನುಂಗುವವರು. ಅವರ ಕಿಡ್ನಿ ಸೋಲುವುದಕ್ಕೆ ಬೇರೆ ಕಾರಣಗಳು ಮೊದಲೇ ಕಾದಿರುತ್ತವೆ, ಮತ್ತು ಯಾವುದರ ಪಾಲೆಷ್ಟು ಎಂದು ಇಂಥ ಲೆಕ್ಕದಲ್ಲಿ ಪೂರ್ತಿಯಾಗಿ ಬಿಡಿಸುವುದು ಸಾಧ್ಯವಿಲ್ಲ.

ಹೀಗಾಗಿ ನಾನು ಹೆಚ್ಚು ತೂಕ ಕೊಡುವುದು 2019ರಲ್ಲಿ ಪ್ರಕಟವಾದ ಕಂಪಾಸ್ ಪ್ರಯೋಗದ ಫಲಿತಾಂಶಕ್ಕೆ. ಅದರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿದ್ದ 17,598 ಜನರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಪ್ಯಾಂಟೊಪ್ರಜೋಲ್ 40, ಇನ್ನೊಂದಕ್ಕೆ ಔಷಧಿಯಿಲ್ಲದ ಮಾತ್ರೆ ಕೊಟ್ಟು ಸುಮಾರು 3 ವರ್ಷ ಗಮನಿಸಿದರು. ಕಿಡ್ನಿ ಕಾಯಿಲೆ, ಮರೆವು, ಮೂಳೆ ಮುರಿತ, ನ್ಯುಮೋನಿಯ ಯಾವುದರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕರುಳಿನ ಸೋಂಕು ಮಾತ್ರ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 1.4, ಇಲ್ಲದವರಲ್ಲಿ ಶೇ. 1.0 ಇತ್ತು. 3 ವರ್ಷವೆಂಬುದು 15 ವರ್ಷವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಮಾತ್ರೆಯನ್ನು ವಿಷವೆನ್ನುವವರಿಗೆ ಇಷ್ಟು ದೊಡ್ಡ ಪ್ರಯೋಗ ಆಧಾರ ಕೊಡುವುದಿಲ್ಲ.

ಹಾಗೆಂದು ಪೂರ್ಣ ಅಂಕ ಕೊಡುವಂತೆಯೂ ಇಲ್ಲ. ಕರುಳಿನ ಸೋಂಕಿನ ವಿಷಯವನ್ನೇ ತೆಗೆದುಕೊಳ್ಳೋಣ. ಹೊಟ್ಟೆಯ ಆಮ್ಲ ಆಹಾರ ಮತ್ತು ನೀರಿನ ಜೊತೆ ಒಳಬರುವ ಕ್ರಿಮಿಗಳನ್ನು ಬಾಗಿಲಲ್ಲೇ ಕೊಲ್ಲುವ ಕಾವಲು. ಅದನ್ನು ತಗ್ಗಿಸಿದ ಮೇಲೆ ನಾವು ಕುಡಿಯುವ ನೀರಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಮಲೆನಾಡಿನ ಎಷ್ಟೋ ಮನೆಗಳಿಗೆ ಇಂದಿಗೂ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುವ ನೀರೇ ಆಧಾರ, ಮಳೆಗಾಲದಲ್ಲಿ ಅದು ಕೆಂಪಾಗಿಯೇ ಬರುತ್ತದೆ. 'ನಮ್ಮದು ಅಬ್ಬಿ ನೀರು, ಅಮೃತದಂಥದ್ದು' ಎನ್ನುವ ಅಭಿಮಾನ ನನಗೂ ಇದೆ, ಆದರೆ ದಿನವೂ ಈ ಮಾತ್ರೆ ನುಂಗುವವರು ಆಷಾಢ ಶ್ರಾವಣದಲ್ಲಾದರೂ ಆ ನೀರನ್ನು ಕುದಿಸಿ ಕುಡಿಯುವುದು ಲೇಸು. ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ನಿಲ್ಲದ ಭೇದಿ ಶುರುವಾದರೆ ಈ ಮಾತ್ರೆಯ ವಿಷಯವನ್ನೂ ವೈದ್ಯರಿಗೆ ತಿಳಿಸಬೇಕು. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಸೋಂಕಿನ ಬಗ್ಗೆ ಅಮೆರಿಕದ ನಿಯಂತ್ರಕರು 2012ರಲ್ಲಿಯೇ ಎಚ್ಚರಿಸಿದ್ದಾರೆ.

ಬಿ12 ಕೊರತೆ ಇನ್ನೊಂದು, ಮತ್ತು ನನ್ನ ಲೆಕ್ಕದಲ್ಲಿ ನಮ್ಮ ಭಾಗಕ್ಕೆ ಇದೇ ಹೆಚ್ಚು ಮುಖ್ಯ. ಆಹಾರದಲ್ಲಿರುವ ಬಿ12 ಜೀವಸತ್ವವನ್ನು ಪ್ರೋಟೀನಿನಿಂದ ಬಿಡಿಸುವುದಕ್ಕೆ ಆಮ್ಲ ಬೇಕು. 2 ವರ್ಷಕ್ಕಿಂತ ಹೆಚ್ಚು ಕಾಲ ಈ ಮಾತ್ರೆ ತೆಗೆದುಕೊಂಡವರಲ್ಲಿ ಕೊರತೆ ಹೆಚ್ಚು ಕಂಡುಬಂದದ್ದನ್ನು 2013ರ ಒಂದು ದೊಡ್ಡ ಅಧ್ಯಯನ ದಾಖಲಿಸಿದೆ. ಮಾಂಸ ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಬರುವುದೇ ಹಾಲು, ಮೊಸರು, ಮಜ್ಜಿಗೆಯಿಂದ. ಅದರ ಮೇಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಇದ್ದರೆ, ಅದೂ ಬಿ12 ಹೀರುವಿಕೆಯನ್ನು ತಗ್ಗಿಸುತ್ತದೆ. ಸಸ್ಯಾಹಾರ, ಮೆಟ್‌ಫಾರ್ಮಿನ್, ಪ್ಯಾಂಟೊಪ್ರಜೋಲ್ ಮೂರೂ ಕೂಡಿದ ಹಿರಿಯರು ನಮ್ಮ ಪ್ರತಿ ಕೇರಿಯಲ್ಲಿಯೂ ಸಿಗುತ್ತಾರೆ, ಅವರ ಕಾಲು ಜೋಮು ಹಿಡಿಯುವುದನ್ನು 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗುವ ಬದಲು ಒಂದು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮೆಗ್ನೀಸಿಯಂ ಇಳಿಯುವುದು ಅಪರೂಪ, ಆದರೆ ಆದಾಗ ಗಂಭೀರ. ಸಾಮಾನ್ಯವಾಗಿ ವರ್ಷ ದಾಟಿದ ಬಳಕೆಯ ನಂತರ ಸ್ನಾಯು ಸೆಳೆತ, ಎದೆಬಡಿತದ ಏರುಪೇರು, ಕೆಲವೊಮ್ಮೆ ಅಪಸ್ಮಾರದಂಥ ಲಕ್ಷಣಗಳಾಗಿ ಕಾಣಿಸುತ್ತದೆ. ಮೂತ್ರ ಹೋಗಲು ಕೊಡುವ ಬಿಪಿ ಮಾತ್ರೆ ಅಥವಾ ಹೃದಯದ ಔಷಧಿಯಾದ ಡಿಜಾಕ್ಸಿನ್ ಜೊತೆಗಿದ್ದವರು ಹೆಚ್ಚು ಎಚ್ಚರದಿಂದಿರಬೇಕು. ಮೂಳೆಯ ವಿಷಯದಲ್ಲಿ 2010ರಿಂದ ಅಧಿಕೃತ ಎಚ್ಚರಿಕೆಯಿದ್ದು, ಹೆಚ್ಚಿನ ಪ್ರಮಾಣದಲ್ಲಿ ಅಥವಾ ವರ್ಷ ಮೀರಿ ತೆಗೆದುಕೊಂಡವರಿಗೆ ಅದು ಹೆಚ್ಚು ಅನ್ವಯಿಸುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನೂ ತಿನ್ನುವವರು ಕಾರ್ಬೊನೇಟ್ ಬದಲು ಸಿಟ್ರೇಟ್ ರೂಪದ್ದನ್ನು ಕೇಳಬಹುದು, ಏಕೆಂದರೆ ಅದು ಕರಗುವುದಕ್ಕೆ ಆಮ್ಲ ಬೇಕಾಗುವುದಿಲ್ಲ. ಥೈರಾಯಿಡ್ ಮಾತ್ರೆಯೂ ಖಾಲಿ ಹೊಟ್ಟೆಯದ್ದೇ ಆದ್ದರಿಂದ ಎರಡನ್ನೂ ಒಟ್ಟಿಗೆ ನುಂಗುವ ಹೆಂಗಸರು ಬಹಳ. ಆಮ್ಲ ಕಡಿಮೆಯಾದರೆ ಥೈರಾಯಿಡ್ ಔಷಧಿ ಸರಿಯಾಗಿ ಹೀರಲ್ಪಡದೆ ಅದರ ಪ್ರಮಾಣ ಬದಲಿಸಬೇಕಾಗಬಹುದು.

ಕಿಡ್ನಿಯ ಮಟ್ಟಿಗೆ, ಅಪರೂಪಕ್ಕೆ ಈ ಮಾತ್ರೆಯಿಂದ ಕಿಡ್ನಿಯಲ್ಲಿ ಅಲರ್ಜಿಯಂಥ ಉರಿಯೂತವಾಗುವುದು ವೈದ್ಯರು ಒಪ್ಪಿರುವ ಸಂಗತಿ. ಆದರೆ ಅಡಿಕೆ ಕೊನೆ ಹೊತ್ತು ಬೆನ್ನು ಹಿಡಿದವರು, ಗದ್ದೆ ನಾಟಿಯಲ್ಲಿ ಬಗ್ಗಿ ಸೊಂಟ ಹೋದವರು ತಾವಾಗಿಯೇ ಕೊಂಡು ನುಂಗುವ ಡೈಕ್ಲೊಫೆನಾಕ್ ಮೊದಲಾದ ನೋವಿನ ಮಾತ್ರೆಗಳಿಂದ ಕಿಡ್ನಿಗೆ ಆಗುವ ಅಪಾಯದ ಬಗ್ಗೆ ಯಾವ ಅನುಮಾನವೂ ಇಲ್ಲ. 'ಗ್ಯಾಸ್ ಮಾತ್ರೆ ಜೊತೆಗಿದೆಯಲ್ಲ, ಏನೂ ಆಗುವುದಿಲ್ಲ' ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಪ್ಯಾಂಟೊಪ್ರಜೋಲ್ ಜಠರದ ಹುಣ್ಣನ್ನು ತಡೆಯುತ್ತದೆಯೇ ಹೊರತು ಕಿಡ್ನಿಯನ್ನು ಕಾಯುವುದಿಲ್ಲ.

ಡೊಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲಿಗೆ ನಾನು ಪ್ರತ್ಯೇಕವಾಗಿ, ಕಡಿಮೆ ಅಂಕ ಕೊಡುತ್ತೇನೆ. ಡೊಂಪೆರಿಡೋನ್ ವಾಂತಿ, ವಾಕರಿಕೆಯ ಔಷಧಿ. ಅದು ಹೃದಯದ ಲಯ ಕೆಡಿಸಬಹುದೆಂಬ ಕಾರಣಕ್ಕೆ ಐರೋಪ್ಯ ಔಷಧ ಸಂಸ್ಥೆ 2014ರಲ್ಲಿ ಅದನ್ನು 10 ಮಿಲಿಗ್ರಾಂನಂತೆ ದಿನಕ್ಕೆ ಹೆಚ್ಚೆಂದರೆ 3 ಬಾರಿ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಬಳಸಲು ಮಿತಿ ಹಾಕಿತು. ಇಲ್ಲಿ ಸಿಗುವ ಕ್ಯಾಪ್ಸೂಲಿನಲ್ಲಿ ನಿಧಾನವಾಗಿ ಬಿಡುಗಡೆಯಾಗುವ 30 ಮಿಲಿಗ್ರಾಂ ಇರುತ್ತದೆ, ಅಂದರೆ ಆ ದಿನದ ಮಿತಿಯಷ್ಟೂ ಒಂದರಲ್ಲೇ ಮುಗಿಯಿತು; ಅದನ್ನು ವಾರವಲ್ಲ, ವರ್ಷಗಟ್ಟಲೆ ನುಂಗುವವರಿದ್ದಾರೆ. ಬರೀ ಎದೆಯುರಿ ಇದ್ದವರಿಗೆ, ಅದರಲ್ಲೂ 60 ದಾಟಿದವರಿಗೆ, ಈ ಜೋಡಿ ಏಕೆ ಬೇಕು ಎಂದು ಬರೆದುಕೊಟ್ಟ ವೈದ್ಯರನ್ನು ಕೇಳುವುದು ತಪ್ಪಲ್ಲ. ನನಗೆ ಈ ಇಡೀ ವಿಷಯದಲ್ಲಿ ನಿಜವಾಗಿ ಕಸಿವಿಸಿ ತಂದದ್ದು ಈ ಕ್ಯಾಪ್ಸೂಲೇ.

ಇನ್ನು ಬಳಕೆದಾರರು ಕಡಿಮೆ ತಿಳಿದಿರುವ ಗುಣವೊಂದಿದೆ. ಕೆಲವು ವಾರ ಆಮ್ಲವನ್ನು ಅದುಮಿದರೆ ದೇಹ ಅದನ್ನು ಸರಿದೂಗಿಸಲು ಸಿದ್ಧತೆ ಮಾಡಿಕೊಳ್ಳುತ್ತದೆ, ಮಾತ್ರೆ ನಿಲ್ಲಿಸಿದ ಕೂಡಲೇ ಮೊದಲಿಗಿಂತ ಹೆಚ್ಚು ಆಮ್ಲ ಉಕ್ಕುತ್ತದೆ. 2009ರಲ್ಲಿ ಡೆನ್ಮಾರ್ಕಿನಲ್ಲಿ ಎದೆಯುರಿಯೇ ಇಲ್ಲದ ಆರೋಗ್ಯವಂತ 120 ಜನರನ್ನು ಪರೀಕ್ಷಿಸಿದರು. ಇದೇ ಗುಂಪಿನ ಎಸೊಮೆಪ್ರಜೋಲನ್ನು 8 ವಾರ ಕೊಟ್ಟು ನಿಲ್ಲಿಸಿದವರಲ್ಲಿ ಶೇ. 44ರಷ್ಟು ಮಂದಿಗೆ ಹುಳಿತೇಗು, ಎದೆಯುರಿಯಂಥ ತೊಂದರೆ ಕಾಣಿಸಿತು. ಔಷಧಿಯಿಲ್ಲದ ಮಾತ್ರೆ ತಿಂದವರಲ್ಲಿ ಅದು ಶೇ. 15. ಮಾತ್ರೆ ಬಿಟ್ಟ ಮೂರನೆಯ ದಿನ ಉರಿ ಬಂತೆಂದು 'ನನಗೆ ಇದಿಲ್ಲದೆ ಆಗುವುದಿಲ್ಲ' ಎಂದು ಮತ್ತೆ ಅಂಗಡಿಗೆ ಹೋಗುವವರಲ್ಲಿ ಎಷ್ಟೋ ಮಂದಿಗೆ ಅದು ಹಳೆಯ ಕಾಯಿಲೆಯಲ್ಲ, ಬಿಟ್ಟದ್ದರ ಫಲ. ಸಾಮಾನ್ಯ ಎದೆಯುರಿಗೆ ವೈದ್ಯರು ಹೇಳುವ ಅವಧಿ 4ರಿಂದ 8 ವಾರ; ಅದು 8 ವರ್ಷವಾಗುವುದು ಬಹುಮಟ್ಟಿಗೆ ಹೀಗೆಯೇ.

ಇದನ್ನು ಯಾರು ಹೇಳಬೇಕಿತ್ತು? ಶೀಟಿನ ಮೇಲೆ ಕೆಂಪು ಗೆರೆಯಿದೆ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಇಂಗ್ಲಿಷ್ ಒಕ್ಕಣೆಯಿದೆ. ನಮ್ಮ ಬಹುಪಾಲು ಹಿರಿಯರು ಓದಬಲ್ಲ ಕನ್ನಡದಲ್ಲಿ ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂಬ ಒಂದು ಸಾಲೂ ಇಲ್ಲ. ಅಂಗಡಿಯಲ್ಲಿ ಶೀಟು ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟಾಗ ಆ ಇಂಗ್ಲಿಷ್ ಸಾಲೂ ಕೈಗೆ ಬರುವುದಿಲ್ಲ. ಬೆಲೆಯ ದೃಷ್ಟಿಯಿಂದ ಜನೌಷಧಿ ಕೇಂದ್ರದ ಮಾತ್ರೆ ಬ್ರ್ಯಾಂಡಿನದ್ದಕ್ಕಿಂತ ಬಹಳ ಅಗ್ಗ, ನಾನು ಬಳಸಿದ ಮಟ್ಟಿಗೆ ಪರಿಣಾಮದಲ್ಲಿ ವ್ಯತ್ಯಾಸ ಕಂಡಿಲ್ಲ.

ಒಟ್ಟಿನಲ್ಲಿ ಮಾತ್ರೆಗೆ 5ರಲ್ಲಿ 4 ಅಂಕ, ಡೊಂಪೆರಿಡೋನ್ ಜೋಡಿಗೆ 2, ಕೌಂಟರಿನ ಮೇಲೆ ಅದನ್ನು ಮಾರುವ ಪದ್ಧತಿಗೆ 1. ಇದನ್ನು ಓದಿ ಯಾರೂ ನಾಳೆಯಿಂದಲೇ ಮಾತ್ರೆ ಎಸೆಯಬಾರದು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವ ಆಗಿದ್ದವರು, ಅನ್ನನಾಳದಲ್ಲಿ ತೀವ್ರ ಗಾಯ ಅಥವಾ ಬ್ಯಾರೆಟ್ ಎಂಬ ಬದಲಾವಣೆ ಇದೆಯೆಂದು ಎಂಡೋಸ್ಕೊಪಿಯಲ್ಲಿ ಗೊತ್ತಾದವರು, ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಎರಡೆರಡು ಮಾತ್ರೆ ತಿನ್ನುತ್ತಿರುವವರು ಇದನ್ನು ಮುಂದುವರಿಸಬೇಕಾದವರೇ, ಅವರಿಗೆ ಲಾಭ ಅಪಾಯಕ್ಕಿಂತ ಬಹಳ ದೊಡ್ಡದು. ನುಂಗಲು ಕಷ್ಟ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಮಾತ್ರೆಯಿಂದ ಮುಚ್ಚಿಡದೆ ಪರೀಕ್ಷೆ ಮಾಡಿಸಬೇಕು. ನಡೆದಾಗ ಎದೆ ಬಿಗಿದು ಬೆವರಿದರೆ ಅದನ್ನು ಗ್ಯಾಸ್ ಎಂದುಕೊಂಡು ಮಾತ್ರೆ ಹುಡುಕುತ್ತಾ ಕೂರಬಾರದು. ಹೊಸನಗರದ ಒಳಹಳ್ಳಿಯಿಂದ ಮೆಗ್ಗಾನ್ ಆಸ್ಪತ್ರೆ ತಲುಪುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆಂದು ನಮಗೆಲ್ಲ ಗೊತ್ತು.

ಉಳಿದವರು ವೈದ್ಯರನ್ನು ಕೇಳಿ ಪ್ರಮಾಣವನ್ನು 40ರಿಂದ 20ಕ್ಕೆ, ಅಲ್ಲಿಂದ ದಿನ ಬಿಟ್ಟು ದಿನಕ್ಕೆ ಇಳಿಸಿ ನಿಲ್ಲಿಸಬಹುದು, ಒಮ್ಮೆಲೇ ಬಿಡುವುದಕ್ಕೂ ವೈದ್ಯರಲ್ಲಿ ಕೆಲವರು ಒಪ್ಪುತ್ತಾರೆ. ನಡುವೆ ಬರುವ ಉರಿಗೆ ಆಮ್ಲ ತಗ್ಗಿಸುವ ದ್ರವ ಔಷಧಿಯೋ ಫ್ಯಾಮೊಟಿಡಿನ್ ಮಾತ್ರೆಯೋ ಸಾಕಾಗುತ್ತದೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ 3 ಗಂಟೆ ಅಂತರವಿಟ್ಟು, ಮಂಚದ ತಲೆಕಡೆಯ ಕಾಲುಗಳಿಗೆ ಹಲಗೆ ಕೊಟ್ಟು ಎತ್ತರಿಸಿ, ಹೊಗೆಸೊಪ್ಪು ಬಿಟ್ಟರೆ ಅರ್ಧ ಕೆಲಸ ಆದಂತೆ. ನಿಲ್ಲಿಸಿದ ನಂತರದ ಉರಿ ಕೆಲವು ವಾರ ಇರುವುದರಿಂದ, ಹೊತ್ತುಗೊತ್ತಿಲ್ಲದೆ ಉಣ್ಣುವ ಅಡಿಕೆ ಸುಲಿಯುವ ದಿನಗಳಲ್ಲಾಗಲಿ, ವಾರಕ್ಕೆರಡು ಮದುವೆ ಊಟ ಬೀಳುವ ಏಪ್ರಿಲ್ ಮೇ ತಿಂಗಳಲ್ಲಾಗಲಿ ಈ ಪ್ರಯತ್ನಕ್ಕೆ ಕೈ ಹಾಕದಿರುವುದು ಒಳ್ಳೆಯದು.