ಅಡುಗೆಮನೆಗೆ ತಂದ ಡಿಜಿಟಲ್ ತಕ್ಕಡಿ: ಎರಡು ತಿಂಗಳ ಅನುಭವ

ದಿನಾ ಆ್ಯಪ್‌ನಲ್ಲಿ ಕ್ಯಾಲೊರಿ ಬರೆದಿಟ್ಟರೂ ತೂಕ ಇಳಿಯಲಿಲ್ಲ, ಅದಕ್ಕೇ ಈ ತಕ್ಕಡಿ ತರಿಸಿದೆ. ಮೊದಲ ದಿನವೇ ಕಳ್ಳ ಸಿಕ್ಕಿಬಿದ್ದ, ಒಗ್ಗರಣೆಯಲ್ಲಿ! ಒಂದು ಚಮಚ ಅಂತ ಬರೆಯುತ್ತಿದ್ದ ಎಣ್ಣೆ ತೂಗಿದರೆ 31 ಗ್ರಾಂ. ಗ್ರಾಂಗೆ 9 ಕ್ಯಾಲೊರಿ ಅಂದರೆ ಹತ್ತಿರ ಹತ್ತಿರ 280. ರಾತ್ರಿ ಎರಡು ಚಪಾತಿ ಬಿಟ್ಟಿದ್ದೆಲ್ಲ ಅಲ್ಲೇ ವಾಪಸ್ ಬಂತು ಅಲ್ವಾ. ಖರ್ಚಾಗುವುದಕ್ಕಿಂತ ಕಡಿಮೆ ತಿನ್ನಬೇಕು ಅಂತ ಗೊತ್ತಿತ್ತು, ಎಷ್ಟು ತಿನ್ನುತ್ತಿದ್ದೇನೆ ಅನ್ನೋದೇ ಗೊತ್ತಿರಲಿಲ್ಲ. ಬಟ್ಟಲು ಇಟ್ಟು ಟೇರ್ ಒತ್ತಿದರೆ ಸೊನ್ನೆ, ಆಮೇಲೆ ಸುರಿದಷ್ಟೇ ಲೆಕ್ಕ. ದೊಡ್ಡ ಪಾತ್ರೆ ಇಟ್ಟರೆ ಮಾತ್ರ ಅಂಕಿಯೇ ಕಾಣುವುದಿಲ್ಲ, ಬಗ್ಗಿ ನೋಡಬೇಕು. ಅಂದಹಾಗೆ, ಅನ್ನ ಬೇಡ, ಅಕ್ಕಿಯನ್ನೇ ತೂಗಿ: 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ಬೆಂದ ಮೇಲೆ ನೀರಿನ ತೂಕವೇ ಜಾಸ್ತಿ. ಅಮ್ಮ ಇನ್ನೂ ಕಣ್ಣಳತೆಯಲ್ಲೇ ಎಣ್ಣೆ ಸುರಿಯುತ್ತಾರೆ.